ಮೊದಲನೇ ಯಂತ್ರವನ್ನು ಚಾಲೂ ಮಾಡಿದವನು ನಾನು

ಪಿಂಚಣಿ ತೆಗೆದುಕೊಳ್ಳುವವರು ವರ್ಷಕ್ಕೊಮ್ಮೆ ತಾವಿನ್ನೂ ಬದುಕಿದ್ದೇವೆ ಎಂದು ತೋರಿಸಿಕೊಡಬೇಕು. ಮೊದಲು ಬ್ಯಾಂಕಿಗೆ ಹೋಗಿ ಮುಖ ತೋರಿಸಿ ಸಹಿ ಹಾಕಿದರೆ ಸಾಕಿತ್ತು. ಈಗ ಹೆಬ್ಬೆರಳನ್ನು ಒಂದು ಸಣ್ಣ ಗಾಜಿನ ಮೇಲೆ ಒತ್ತಬೇಕು. ನನ್ನ ಹೆಬ್ಬೆರಳು ಸವೆದುಹೋಗಿದೆ. ಪ್ರಾಯವನ್ನೆಲ್ಲ ಜೋಗದ ವಿದ್ಯುತ್ ಮನೆಯಲ್ಲಿ ಕಳೆದವನು ನಾನು. ಗ್ರೀಸು, ಸೀಮೆಎಣ್ಣೆ, ಉಜ್ಜುವ ಕಾಗದ ಎಲ್ಲ ಸೇರಿ ಬೆರಳಿನ ಗೆರೆಗಳನ್ನು ತಿಂದುಹಾಕಿವೆ. ಕಳೆದ ವರ್ಷ ತೀರ್ಥಹಳ್ಳಿಯ ಮಗಳ ಮನೆಯಲ್ಲಿದ್ದಾಗ ಈ ಕೆಲಸಕ್ಕೆಂದು ಬಸ್ ನಿಲ್ದಾಣದ ಹತ್ತಿರದ ಒಂದು ಜೆರಾಕ್ಸ್ ಅಂಗಡಿಗೆ ಹೋದೆ. ಕಂಪ್ಯೂಟರ್ ಮುಂದೆ ಕೂತಿದ್ದವಳನ್ನು ನೋಡಿ ಬಾಗಿಲಲ್ಲೇ ನಿಂತುಬಿಟ್ಟೆ. ವಾಪಸು ಹೋಗೋಣ ಅನ್ನಿಸಿತು. ಅಷ್ಟರಲ್ಲಿ ಅವಳೇ ತಲೆಯೆತ್ತಿದಳು.

"ಅಯ್ಯೋ, ಅಣ್ಣ! ನೀವಾ? ಬನ್ನಿ ಬನ್ನಿ. ಎಷ್ಟು ಸೊರಗಿದೀರಿ ಮಾರಾಯ್ರೆ!"

ಕುರ್ಚಿ ಎಳೆದು ಕೂರಿಸಿದಳು. ನನ್ನ ಹೆಬ್ಬೆರಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಗಾಜಿನ ಮೇಲೆ ಒತ್ತಿದಳು. ಹಿಡಿಯಲಿಲ್ಲ. ಇನ್ನೊಂದು ಬೆರಳು ಒತ್ತಿಸಿದಳು. ಆಗ ಪರದೆಯ ಮೇಲೆ ಏನೋ ಕೆಂಪಾಗಿ ಬಂತು.

"ಸರ್ವರ್ ಇಲ್ಲ. ಸ್ವಲ್ಪ ಕೂತ್ಕಳಿ ಅಣ್ಣ, ಬತ್ತದೆ."

ಒಳಗಿನಿಂದ ಅಂಗಡಿಯ ಯಜಮಾನ ಕೂಗಿದ: "ಸರ್ವರ್ ಇಲ್ವಾ? ನೀನೇ ಎಂತದೋ ಒತ್ತಿರ್ತೀಯ. ನಿನ್ನ ಕೈಗುಣ ಸಾಗರದೋರಿಗೆಲ್ಲ ಗೊತ್ತು!"

"ಹೌದು ಹೌದು, ಇಡೀ ದೇಶದ ಸರ್ವರ್ ಕೆಡ್ಸೋಳು ನಾನೇ. ಸಂಬಳ ಜಾಸ್ತಿ ಮಾಡಿ, ಎಲ್ಲ ಸರಿ ಮಾಡ್ಕೊಡ್ತೀನಿ," ಎಂದು ಅವಳು ತಿರುಗಿಯೂ ನೋಡದೆ ಹೇಳಿದಳು. ಜೆರಾಕ್ಸ್ ಮಾಡಿಸಲು ಬಂದವರಿಬ್ಬರು ನಕ್ಕರು. ಅವಳೂ ನಕ್ಕಳು. ಬಹಳ ಸಲ ನಕ್ಕು ರೂಢಿಯಾದ ನಗು ಅದು. ನನಗೆ ಮಾತ್ರ ಕೂತ ಕುರ್ಚಿ ಚುಚ್ಚತೊಡಗಿತು. ಏಕೆಂದರೆ ಸಾಗರದ ಆಸ್ಪತ್ರೆಯ ಯಂತ್ರವನ್ನು ಕೆಡಿಸಿದವಳು ಅವಳಲ್ಲ. ಕೆಡಿಸಿದವನು ನಾನು. ಅದು ನನಗೊಬ್ಬನಿಗೇ ಗೊತ್ತಿತ್ತು.

ಅದನ್ನು ಬರೆಯಬೇಕೆಂದೇ ಕೂತಿದ್ದೇನೆ. ಓದಿದ್ದು ಎಸ್ಸೆಸ್ಸೆಲ್ಸಿಯವರೆಗೆ. ಬರೆದು ಅಭ್ಯಾಸವಿಲ್ಲ. ಯಾರ ಹೆಸರನ್ನೂ ಹಾಕುವುದಿಲ್ಲ. ಹಾಕಬೇಡಿ ಎಂದು ಅವಳೇ ಹೇಳಿದ್ದಾಳೆ.

ಜೋಗದಿಂದ ನಿವೃತ್ತನಾಗಿ ಬಂದಮೇಲೆ ಸಾಗರದ ಒಂದು ಸಣ್ಣ ಧರ್ಮಾಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದೆ. ಅದನ್ನು ನಡೆಸುತ್ತಿದ್ದವರು ಒಬ್ಬ ಹಿರಿಯ ಡಾಕ್ಟರು. ಅದಕ್ಕೆ ಹೊಸನಗರದಲ್ಲೊಂದು, ತೀರ್ಥಹಳ್ಳಿಯಲ್ಲೊಂದು ಚಿಕ್ಕ ಶಾಖೆ ಇದ್ದವು. ಮೂರು ಊರಿನ ರೋಗಿಗಳ ವಿವರವೆಲ್ಲ ಸಾಗರದ ಮಹಡಿಯ ಮೇಲಿನ ಒಂದು ಕೋಣೆಯಲ್ಲಿ ಕೂಡಿಬೀಳುತ್ತಿತ್ತು. ಹೊಸನಗರದಲ್ಲಿ ಒಬ್ಬ ಬಿದ್ದು ಕೈ ಮುರಿದುಕೊಂಡರೆ ಎಕ್ಸ್‌ರೇ ಅಲ್ಲೇ ತೆಗೆಯುತ್ತಿದ್ದರು. ಅವನು ಬಸ್ ಹತ್ತುವ ಮೊದಲೇ ಸಾಗರದ ಡಾಕ್ಟರು ಅದನ್ನು ನೋಡಿ ಆಗಿರುತ್ತಿತ್ತು. ಆ ಕೋಣೆ ಹಿಂದೆ ಹಾಸಿಗೆ ಬಟ್ಟೆ ಇಡುವ ಉಗ್ರಾಣವಾಗಿತ್ತು. ಅಲ್ಲಿ ಒಂದು ಕಬ್ಬಿಣದ ಚೌಕಟ್ಟು. ಅದರಲ್ಲಿ ಒಂದರ ಮೇಲೊಂದು ಎರಡು ಸರ್ವರ್ ಯಂತ್ರಗಳು, ಅವುಗಳ ಕೆಳಗೆ ಒಂದು ಭಾರದ ಪೆಟ್ಟಿಗೆ. ಪೆಟ್ಟಿಗೆಯ ಮುಖದಲ್ಲಿ ಸಣ್ಣ ಸಣ್ಣ ಖಾನೆಗಳು, ಒಂದೊಂದು ಖಾನೆಯಲ್ಲಿ ಒಂದೊಂದು ಡಿಸ್ಕು, ಒಂದೊಂದು ಡಿಸ್ಕಿಗೂ ಒಂದು ಹಸಿರು ದೀಪ.

ಅದನ್ನು ಕೂರಿಸಿದ ಎಂಜಿನಿಯರ್ ಶಿವಮೊಗ್ಗದವರು. ನನಗೆ ಒಂದೇ ಸಲ ವಿವರಿಸಿದರು.

"ನೋಡಿ ಯಜಮಾನ್ರೆ, ಲೆಕ್ಕ ಮಾಡೋ ಬುದ್ಧಿ ಮೇಲಿನ ಎರಡು ಯಂತ್ರದಲ್ಲಿದೆ. ನೆನಪು ಮಾತ್ರ ಕೆಳಗಿನ ಪೆಟ್ಟಿಗೇಲಿ. ಇಬ್ಬರಿಗೂ ಸೇರಿ ನೆನಪು ಒಂದೇ. ಮೊದಲನೇದು ಬಿದ್ರೆ ಎರಡನೇದು ಅದೇ ಪೆಟ್ಟಿಗೆ ಹಿಡ್ಕೊಂಡು ಕೆಲಸ ಮುಂದುವರಿಸ್ತದೆ."

"ಇಬ್ರೂ ಒಟ್ಟಿಗೆ ಮಾಡಿದ್ರೆ ಬೇಗ ಆಗಲ್ವಾ ಸಾರ್?"

"ಅದು ಮಾತ್ರ ಆಗಬಾರದು. ಒಬ್ಬ ಬರೀವಾಗ ಇನ್ನೊಬ್ಬ ಕೈಕಟ್ಟಿ ಕೂತಿರ್ಬೇಕು. ಈ ನೀಲಿ ತಂತಿ ಇದೆಯಲ್ಲ, ಇದರಲ್ಲಿ ಇಬ್ಬರೂ 'ನಾನಿದ್ದೀನಿ, ನಾನಿದ್ದೀನಿ' ಅಂತ ಹೇಳ್ಕೊಳ್ತಿರ್ತಾರೆ. ಆ ಮಾತು ನಿಂತ್ರೆ ಮಾತ್ರ ಎರಡನೆಯವನು ಎದ್ದು ಪೆಟ್ಟಿಗೆಗೆ ಕೈ ಹಾಕ್ತಾನೆ."

ಕೇಳಿಸಿಕೊಂಡೆ, ಆದರೆ ಮನಸ್ಸು ಒಪ್ಪಲಿಲ್ಲ. ವಿದ್ಯುತ್ ಮನೆಯಲ್ಲಿ ಯಂತ್ರಗಳು ಸಾಲಾಗಿ ನಿಂತಿರುತ್ತವೆ. ಎಲ್ಲವೂ ತಮ್ಮ ಕರೆಂಟನ್ನು ಒಂದೇ ತಾಮ್ರದ ದಪ್ಪ ಪಟ್ಟಿಗೆ ಸುರಿಯುತ್ತವೆ. ಒಂದಕ್ಕೆ ಹೊರೆ ಹೆಚ್ಚಾದರೆ ಇನ್ನೊಂದನ್ನು ಚಾಲೂ ಮಾಡಿ, ಅದರ ಓಟವನ್ನು ಹೊಂದಿಸಿ, ಅದೇ ಪಟ್ಟಿಗೆ ಸೇರಿಸುತ್ತೇವೆ. ಹೊರೆ ಹಂಚಿಹೋಗುತ್ತದೆ. ಆ ಡಿಸ್ಕ್ ಪೆಟ್ಟಿಗೆಯೂ ನನ್ನ ಕಣ್ಣಿಗೆ ಅಂಥದೇ ಪಟ್ಟಿಯ ಹಾಗೆ ಕಂಡಿತು. ನನ್ನಂಥವನಿಗೆ ಸುಮ್ಮನೆ ನಿಂತ ಯಂತ್ರವನ್ನು ನೋಡಿದರೆ ಮೈ ಉರಿಯುತ್ತದೆ.

ಬ್ಯಾಟರಿ, ಜನರೇಟರ್, ಕೋಣೆಯ ಏಸಿ ನನ್ನ ಪಾಲಿನವು. ಕಂಪ್ಯೂಟರಿನ ಕೆಲಸ ಅವಳದು. ಹೊಸನಗರದ ಹತ್ತಿರದ ಹಳ್ಳಿಯ ಸೊಸೆ. ದಿನಾ ಬಸ್ಸಿನಲ್ಲಿ ಬರುತ್ತಿದ್ದಳು. ಪಿಯುಸಿ ಆದಮೇಲೆ ಕಂಪ್ಯೂಟರ್ ಕಲಿತವಳು. ಗೇಣಿಗೆ ಸಾಗುವಳಿ ಮಾಡಿ ಆಮೇಲೆ ಆ ನೆಲಕ್ಕೇ ಒಡೆಯರಾದ ಮನೆತನ ಅವಳ ಗಂಡನದು. ಆ ಮನೆಯಿಂದ ಸಂಬಳದ ಕೆಲಸಕ್ಕೆ ಹೊರಟ ಮೊದಲ ಹೆಂಗಸು ಅವಳೇ. ಆ ಹೆಮ್ಮೆ ಅವಳ ನಡಿಗೆಯಲ್ಲಿ ಇತ್ತು.

"ಎರಡನೇದಕ್ಕೆ ಸುಮ್ನೆ ಕರೆಂಟು ದಂಡ," ಎಂದು ನಾನು ಆಗಾಗ ಗೊಣಗುತ್ತಿದ್ದೆ.

"ಅದಕ್ಕೆ ಸರ್ಕಾರಿ ನೌಕರಿ ಅಣ್ಣ. ನೀವು ಜೋಗದಲ್ಲಿ ಮಾಡ್ದಂಗೆ," ಎನ್ನುತ್ತಿದ್ದಳು.

ಜೋಗದಿಂದ ನಾನು ಇನ್ನೊಂದು ಪದ್ಧತಿಯನ್ನೂ ತಂದಿದ್ದೆ. ಅಲ್ಲಿ ಒಂದು ಯಂತ್ರದ ಮೇಲೆ ಯಾರಾದರೂ ಕೆಲಸ ಮಾಡುತ್ತಿದ್ದರೆ ಅದರ ಗುಂಡಿಗೆ ಅವರ ಹೆಸರಿನ ಕೆಂಪು ಹಲಗೆ ನೇತುಹಾಕುತ್ತಾರೆ. ಹಾಕಿದವನೇ ಅದನ್ನು ತೆಗೆಯಬೇಕು. ಬೇರೆಯವನು, ಎಷ್ಟೇ ದೊಡ್ಡ ಅಧಿಕಾರಿಯಾದರೂ ಸರಿ, ಮುಟ್ಟುವ ಹಾಗಿಲ್ಲ. ಯಾಕೆಂದರೆ ಒಳಗೆ ಒಬ್ಬ ಮನುಷ್ಯ ಇರುತ್ತಾನೆ. ಆ ಕಟ್ಟುಪಾಡನ್ನು ಪ್ರಾಯದಲ್ಲಿ ಒಂದು ದಿನವೂ ನಾನು ಮುರಿದವನಲ್ಲ. ಆಸ್ಪತ್ರೆಯಲ್ಲೂ ತಗಡು ಕತ್ತರಿಸಿ, ಕೆಂಪು ಬಣ್ಣ ಬಳಿದು ಹಲಗೆ ಮಾಡಿಟ್ಟೆ. ನರ್ಸುಗಳು ನಕ್ಕರು. ಡಾಕ್ಟರಿಗೆ ಮಾತ್ರ ಇಷ್ಟವಾಯಿತು. "ಯಜಮಾನ್ರನ್ನ ನೋಡಿ ಕಲೀರಿ," ಎಂದು ಎಲ್ಲರ ಮುಂದೆ ಹೇಳಿದರು.

ಒಂದು ಆಷಾಢದಲ್ಲಿ ಮೊದಲನೇ ಯಂತ್ರ ಕೆಟ್ಟಿತು. ನೀಲಿ ತಂತಿ ಸಿಕ್ಕಿಸುವ ಜಾಗದಲ್ಲಿ ದೋಷ. ಯಂತ್ರ ಬೀಳುವುದು, ಏಳುವುದು. ಪೆಟ್ಟಿಗೆಯ ಹಿಡಿತ ಇಬ್ಬರ ನಡುವೆ ಆಚೆ ಈಚೆ ಹೋಗುವುದು. ಎಂಜಿನಿಯರ್ ಬಂದು ಮೊದಲನೆಯದನ್ನು ಆರಿಸಿದರು. ನೀಲಿ ತಂತಿಯನ್ನು ಕಿತ್ತು ಪಕ್ಕಕ್ಕಿಟ್ಟರು. ಪೆಟ್ಟಿಗೆಯನ್ನು ಎರಡನೆಯದೊಂದರ ಕೈಗೇ ಕೊಟ್ಟರು. "ಬಿಡಿಭಾಗ ತರಿಸ್ಬೇಕು. ನಾನು ಬರೋವರೆಗೆ ಮೊದಲನೇದನ್ನ ಯಾರೂ ಚಾಲೂ ಮಾಡಬೇಡಿ. ತಂತಿ ಇಲ್ಲ, ಅದಕ್ಕೆ ಇನ್ನೊಂದು ಬದುಕಿರೋದೇ ಗೊತ್ತಾಗಲ್ಲ," ಎಂದರು. ಅವರ ಹೆಸರಿನಲ್ಲಿ ಕೆಂಪು ಹಲಗೆಯನ್ನು ನೇತುಹಾಕಿದವನು ನಾನೇ.

ಮಾರನೆಯ ದಿನ ಬೆಳಿಗ್ಗೆ ಜನವೋ ಜನ. ಜ್ವರದ ಕಾಲ. ಎರಡನೇ ಯಂತ್ರ ಹಳೆಯದು, ಒಂದೇ ಎಳೆಯಲಾರದೆ ಎಳೆಯುತ್ತಿತ್ತು. ಹೊಸನಗರದಿಂದ ಫೋನು, ತೀರ್ಥಹಳ್ಳಿಯಿಂದ ಫೋನು. ಹೆಸರು ಹೊಡೆದು ಕಾಫಿ ಕುಡಿದು ಬಂದರೂ ಪರದೆ ಖಾಲಿ ಎಂದು ಬೈಗುಳ. ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದವಳು ಅವಳು. ಕಡೆಗೆ ಕೌಂಟರಿನಲ್ಲಿ ನಿಂತು, ನರ್ಸುಗಳೆಲ್ಲ ಕೇಳುವ ಹಾಗೆ ಅಂದುಬಿಟ್ಟಳು: "ಮೇಲೊಂದು ಮಿಷನ್ನು ಆರಾಮಾಗಿ ಮಲ್ಗಿದೆ. ಅದನ್ನಾದ್ರೂ ಎಬ್ಬಿಸೋ ಹಂಗಿದ್ರೆ ಇಷ್ಟು ಬೈಸ್ಕೊಳ್ಳೋದು ತಪ್ತಿತ್ತು!"

ಹಾಗೆ ಅಂದವಳೇ, ರಕ್ತಪರೀಕ್ಷೆಯ ಫಲಿತಾಂಶಗಳನ್ನು ಕೈಯಲ್ಲೇ ಬರೆದುಕೊಂಡು ಬರಲು ಕೆಳಗಿನ ಲ್ಯಾಬಿಗೆ ಹೋದಳು. ನಾನು ಬ್ಯಾಟರಿ ನೋಡುವ ನೆವದಲ್ಲಿ ಯಂತ್ರದ ಕೋಣೆಗೆ ಹೋದೆ. ಅವಳ ಮೇಲಿನ ಮರುಕ ಸ್ವಲ್ಪ ಇತ್ತು. ಅದನ್ನೇ ಹೆಚ್ಚು ಮಾಡಿ ಹೇಳಿಕೊಂಡರೆ ಸುಳ್ಳಾಗುತ್ತದೆ. ಹೆಚ್ಚಿದ್ದದ್ದು ಗರ್ವ. ಅಷ್ಟು ದೊಡ್ಡ ದೊಡ್ಡ ಯಂತ್ರಗಳನ್ನು ಜೊತೆಯಲ್ಲಿ ಓಡಿಸಿದವನು ನಾನು, ಈ ಎರಡು ಡಬ್ಬಗಳನ್ನು ಓಡಿಸಲಾರೆನೇ ಎಂಬ ಗರ್ವ. ಹಲಗೆಯನ್ನು ಎತ್ತಿ ಕೆಳಗಿಟ್ಟೆ. ಗುಂಡಿ ಒತ್ತಿದೆ.

ಫ್ಯಾನು ಗುಂಯ್ ಎಂದಿತು. ದೀಪಗಳು ಹತ್ತಿದವು. ಪೆಟ್ಟಿಗೆಯ ಹಸಿರು ದೀಪಗಳು ಹಿಂದೆಂದೂ ಇಲ್ಲದಷ್ಟು ಬೇಗ ಮಿನುಗತೊಡಗಿದವು. ಹೊರೆ ಹಂಚಿಹೋಯಿತು ಎಂದು ಖುಷಿಪಟ್ಟೆ. ಈಗ ನೆನೆಸಿಕೊಂಡರೆ ನಾಚಿಕೆಯಾಗುವುದು ಆ ಖುಷಿಗೆ. ನಿಜದಲ್ಲಿ ಆದದ್ದು ಬೇರೆ. ತಂತಿ ಇಲ್ಲದ ಮೊದಲನೇ ಯಂತ್ರ, ಇನ್ನೊಂದು ಸತ್ತಿದೆ ಎಂದು ತಿಳಿದು ಪೆಟ್ಟಿಗೆಗೆ ಕೈ ಹಾಕಿತ್ತು. ಎರಡನೆಯದು ತಾನೊಬ್ಬನೇ ಎಂದುಕೊಂಡು ಬರೆಯುತ್ತಲೇ ಇತ್ತು. ಒಂದು ಬರೆದದ್ದರ ಮೇಲೆ ಇನ್ನೊಂದು ಬರೆಯಿತು. ಕರೆಂಟಿಗೆ ನೆನಪಿಲ್ಲ, ಅದು ಬೆರೆತರೂ ಕರೆಂಟೇ. ಬರಹ ಹಾಗಲ್ಲ ಎಂಬುದು ನನಗೆ ಹೊಳೆಯಲೇ ಇಲ್ಲ.

ಸ್ವಲ್ಪ ಹೊತ್ತಿಗೆ ಕೆಳಗಿನಿಂದ ಕೂಗು ಕೇಳಿತು. ಹೆಸರುಗಳು ತೆರೆಯುತ್ತಿಲ್ಲ, ತೆರೆದರೆ ಒಳಗೆ ಅಡ್ಡಾದಿಡ್ಡಿ ಅಕ್ಷರ, ಎಕ್ಸ್‌ರೇ ಚಿತ್ರಗಳ ಜಾಗದಲ್ಲಿ ಏನೂ ಇಲ್ಲ. ಗುಂಡಿಯನ್ನು ಅದುಮಿ ಹಿಡಿದು ಯಂತ್ರವನ್ನು ಆರಿಸಿದೆ. ಹಲಗೆಯನ್ನು ಮೊದಲಿದ್ದ ಹಾಗೆಯೇ ನೇತುಹಾಕಿದೆ. ಹಿಂದಿನ ಮೆಟ್ಟಿಲಿಳಿದು ಜನರೇಟರ್ ಶೆಡ್ಡಿಗೆ ಹೋಗಿ ನಿಂತೆ. ಆಗ ಕರೆಂಟು ಇತ್ತು, ಜನರೇಟರ್ ಓಡುತ್ತಿರಲಿಲ್ಲ. ಅಲ್ಲಿ ನನಗೆ ಯಾವ ಕೆಲಸವೂ ಇರಲಿಲ್ಲ.

ಎಂಜಿನಿಯರ್ ಓಡೋಡಿ ಬಂದರು. ಬಹಳ ಹೊತ್ತು ಪರದೆ ನೋಡಿ, ಡಾಕ್ಟರ ಕೋಣೆಗೆ ಬಂದು ಹೇಳಿದರು: "ಯಾರೋ ಮೊದಲನೇದನ್ನ ಚಾಲೂ ಮಾಡಿದ್ದಾರೆ. ಯಂತ್ರವೇ ಹೇಳ್ತಿದೆ. ಯಾರು ಅಂತ ಮಾತ್ರ ಅದಕ್ಕೆ ಗೊತ್ತಿಲ್ಲ."

ಕೋಣೆಯಲ್ಲಿ ಡಾಕ್ಟರು, ಎಂಜಿನಿಯರ್, ಹಿರಿಯ ನರ್ಸು, ಅವಳು, ನಾನು. ಡಾಕ್ಟರು ಮೊದಲು ನನ್ನನ್ನೇ ನೋಡಿದರು. "ಯಜಮಾನ್ರೆ, ನೀವೆಲ್ಲಿದ್ರಿ?"

"ನಾನು ಜನರೇಟರ್ ಹತ್ರ ಇದ್ದೆ ಸಾರ್."

ಅಷ್ಟೇ ಹೇಳಿದ್ದು. ಯಾರೂ ಇನ್ನೊಂದು ಪ್ರಶ್ನೆ ಕೇಳಲಿಲ್ಲ. ಎಂಜಿನಿಯರ್ ಕೂಡ ನನ್ನ ಪರವಾಗಿಯೇ ಮಾತಾಡಿದರು: "ಅವ್ರು ಮುಟ್ಟೋರಲ್ಲ ಸಾರ್. ಬೋರ್ಡ್ ಹಾಕಿದ್ದೇ ಅವ್ರು." ಅವಳು ಲ್ಯಾಬಿನಲ್ಲಿದ್ದೆ ಎಂದಳು. ಆ ಗದ್ದಲದಲ್ಲಿ ಅವಳು ಯಾವಾಗ ಬಂದಳು, ಯಾವಾಗ ಹೋದಳು ಎಂದು ಲ್ಯಾಬಿನವರಿಗೆ ನೆನಪಿರಲಿಲ್ಲ. ನರ್ಸಿಗೆ ಮಾತ್ರ, ಅವಳು ಕೌಂಟರಿನಲ್ಲಿ ಆಡಿದ ಮಾತು ಚೆನ್ನಾಗಿ ನೆನಪಿತ್ತು.

ಪ್ರತಿ ವಾರ ಅವಳು ಎಲ್ಲದರ ಪ್ರತಿಯೊಂದನ್ನು ಬೇರೆ ಡಿಸ್ಕಿನಲ್ಲಿ ತೆಗೆದಿಡುತ್ತಿದ್ದಳು. ಅದರಿಂದ ಹೆಸರು, ಔಷಧಿ, ಬಹುಪಾಲು ವಾಪಸು ಬಂತು. ಎಕ್ಸ್‌ರೇಗಳು ದೊಡ್ಡವೆಂದು ಅವುಗಳ ಪ್ರತಿ ತೆಗೆಯುವುದು ಬೇಡವೆಂದು ಮೊದಲೇ ತೀರ್ಮಾನವಾಗಿತ್ತು, ಅವು ಹೋದವು. ಮೂಳೆ ಕೂಡಿದೆಯೋ ಇಲ್ಲವೋ ನೋಡಿಸಿಕೊಳ್ಳಲು ಬಂದ ಮುದುಕಿಯರನ್ನು ಮತ್ತೆ ಎಕ್ಸ್‌ರೇ ಯಂತ್ರದ ಮುಂದೆ ನಿಲ್ಲಿಸಿದರು. ಹಳೆಯದಕ್ಕೆ ಹೋಲಿಸಲು ಹಳೆಯದೇ ಇರಲಿಲ್ಲ. ನಡುವಿನ ದಿನಗಳ ವಿವರಗಳನ್ನು, ರೋಗಿಗಳಿಗೆ ಫೋನು ಮಾಡಿ, ಅವರ ಕೈಯಲ್ಲಿದ್ದ ಚೀಟಿಗಳನ್ನು ಓದಿಸಿ, ಅವಳೇ ಕೂತು ಮತ್ತೆ ತುಂಬಿಸಿದಳು. ಎಲ್ಲ ತುಂಬಿಸಿ ಆದಮೇಲೆ ಡಾಕ್ಟರು ಅವಳನ್ನು ಕರೆದು, ಮುಂದಿನ ತಿಂಗಳಿಂದ ಬರುವುದು ಬೇಡ ಎಂದರು. ಗದರಲಿಲ್ಲ. ಗದರಿದ್ದರೆ ಅವಳು ಜಗಳವಾದರೂ ಆಡಬಹುದಿತ್ತು.

ನಾನು ಪಕ್ಕದ ಕೋಣೆಯಲ್ಲಿ ಬ್ಯಾಟರಿಗೆ ನೀರು ತುಂಬಿಸುತ್ತಿದ್ದೆ. ಎಲ್ಲ ಕೇಳಿಸುತ್ತಿತ್ತು. ಎದ್ದು ಹೋಗಿ ಒಂದು ಮಾತು ಹೇಳುವಷ್ಟು ದೂರದಲ್ಲಿದ್ದೆ. ನೀರು ಉಕ್ಕಿ ನೆಲಕ್ಕೆ ಚೆಲ್ಲಿತು, ಒರೆಸುತ್ತಾ ಕೂತೆ.

ಆಮೇಲೂ ಕೆಲವು ವರ್ಷ ಅಲ್ಲಿ ಕೆಲಸ ಮಾಡಿದೆ. ನನ್ನ ಮೇಲಿನ ಗೌರವ ಕಡಿಮೆಯಾಗಲಿಲ್ಲ, ಇನ್ನಷ್ಟು ಹೆಚ್ಚಾಯಿತು. ಅದನ್ನು ಹೊರುವುದೇ ಆಯಾಸವಾಯಿತು. ಹೇಳಬೇಕೆಂದು ಎಷ್ಟೋ ಸಲ ಹೊರಟು, ಹೇಳಲಾರದೆ ವರದಹಳ್ಳಿಯ ಆಶ್ರಮದ ಬಸ್ಸು ಹತ್ತಿದ್ದೇನೆ. ಮೆಟ್ಟಿಲು ಹತ್ತಿ, ಕಣ್ಮುಚ್ಚಿ ಕೂತು, ಊಟ ಮಾಡಿ ಬಂದಿದ್ದೇನೆ. ಅಲ್ಲಿ ಯಾರೂ ಏನೂ ಕೇಳುವುದಿಲ್ಲ. ಕೇಳದ ಜಾಗದಲ್ಲಿ ತಪ್ಪೊಪ್ಪಿಕೊಳ್ಳುವುದು ಸುಲಭ. ಬರುವಾಗ ಹೋದ ಹಾಗೆಯೇ ಇರುತ್ತಿದ್ದೆ.

ತೀರ್ಥಹಳ್ಳಿಯ ಆ ಅಂಗಡಿಯಲ್ಲಿ ಕಡೆಗೂ ಸರ್ವರ್ ಬಂತು. ನನ್ನ ಉಂಗುರದ ಬೆರಳು ಹೇಗೋ ಹಿಡಿಯಿತು. ಯಜಮಾನ ಊಟಕ್ಕೆ ಹೋದ. ಗಿರಾಕಿಗಳೂ ಹೋದರು. ಅವಳು ಕಾಗದವನ್ನು ಮಡಿಚಿ ಕೊಟ್ಟು, "ಇನ್ನೊಂದು ವರ್ಷ ನೀವು ಇದ್ದೀರಿ ಅಂತ ಆಯ್ತು ಅಣ್ಣ," ಎಂದು ನಕ್ಕಳು.

ನಾನು ಏಳಲಿಲ್ಲ. "ಸಾಗರದಲ್ಲಿ ಮೊದಲನೇ ಯಂತ್ರ ಚಾಲೂ ಮಾಡಿದ್ದು ನಾನು," ಎಂದೆ. ಪೀಠಿಕೆ ಹಾಕಲು ಹೋಗಿದ್ದರೆ ಆವತ್ತೂ ಹೇಳುತ್ತಿರಲಿಲ್ಲ.

ಅವಳಿಗೆ ಮೊದಲು ಅರ್ಥವಾಗಲಿಲ್ಲ. "ಯಾವುದು?"

"ನಿನ್ನ ಕೆಲಸ ಹೋಯ್ತಲ್ಲ, ಅದು."

ಅವಳು ನನ್ನನ್ನು ನೋಡುತ್ತಲೇ ಇದ್ದಳು. ಬೈದಾಳು ಎಂದು ಕಾದೆ. ಬೈಯಲಿಲ್ಲ. ಅವಳ ಕೈ ಸುಮ್ಮನೆ ಮೇಜಿನ ಮೇಲಿನ ಹಾಳೆಗಳನ್ನು ಒಟ್ಟುಮಾಡಿ ತಟ್ಟುತ್ತಿತ್ತು. ಸಮವಾದಮೇಲೂ ತಟ್ಟುತ್ತಿತ್ತು.

"ನಾನು ನನ್ನನ್ನೇ ಅನುಮಾನ ಮಾಡ್ಕಂಡಿದ್ದೆ ಅಣ್ಣ. ಎಲ್ರೂ ಅಷ್ಟು ಗಟ್ಟಿಯಾಗಿ ಹೇಳ್ತಿದ್ರಲ್ಲ. ಲ್ಯಾಬಿಗೆ ಹೋಗೋ ಮುಂಚೆ ನಾನೇ ಮೇಲೆ ಹೋಗಿದ್ನಾ, ತಲೆ ಕೆಟ್ಟು ನಾನೇ ಒತ್ತಿ ಮರ್ತೆನಾ ಅಂತ. ಈಗ್ಲೂ ಒಂದೊಂದ್ಸಲ ಹಂಗೇ ಅನ್ಸತ್ತೆ."

ಕೆಲಸ ಹೋದದ್ದು ನನಗೆ ಗೊತ್ತಿತ್ತು. ಇದು ಗೊತ್ತಿರಲಿಲ್ಲ. ತನ್ನ ನೆನಪನ್ನೇ ನಂಬದ ಹಾಗೆ ಒಬ್ಬ ಹೆಂಗಸನ್ನು ಮಾಡಿ, ನಾನು ನನ್ನ ಪಾಡಿಗೆ ಪಿಂಚಣಿ ತಿನ್ನುತ್ತಾ ಕೂತಿದ್ದೆ.

"ಸಾಗರಕ್ಕೆ ಹೋಗಿ ಡಾಕ್ಟರಿಗೆ ಹೇಳ್ತೀನಿ," ಎಂದೆ. ಅವಳು ಹಾಳೆಗಳನ್ನು ಎತ್ತಿ ಜೆರಾಕ್ಸ್ ಯಂತ್ರಕ್ಕೆ ಹಾಕಿದಳು.

ಹೋದೆ. ಡಾಕ್ಟರಿಗೂ ಈಗ ವಯಸ್ಸಾಗಿದೆ. ಪೂರ್ತಿ ಕೇಳಿಸಿಕೊಂಡು, "ಅದನ್ನ ಇನ್ನೂ ತಲೇಲಿ ಇಟ್ಕೊಂಡಿದೀರಾ ಯಜಮಾನ್ರೆ? ಆ ಪೆಟ್ಟಿಗೇನೇ ಗುಜರಿಗೆ ಹೋಯ್ತು. ಈಗ ನಮ್ಮ ಹತ್ರ ಯಂತ್ರಾನೇ ಇಲ್ಲ, ಎಲ್ಲ ಬೇರೆಲ್ಲೋ ಇರತ್ತೆ, ನಾವು ಬಾಡಿಗೆ ಕಟ್ಟೋದು," ಎಂದರು. ಆಮೇಲೆ, "ಆ ಹುಡುಗಿ ಚೆನ್ನಾಗಿ ಕೆಲಸ ಮಾಡ್ತಿದ್ಲು, ಅಲ್ವಾ?" ಎಂದರು. ನನ್ನ ರಕ್ತದೊತ್ತಡ ನೋಡಿ ಒಂದು ಮಾತ್ರೆ ಬದಲಿಸಿ ಕಳಿಸಿದರು. ಮೇಲಿನ ಕೋಣೆಯ ಬಾಗಿಲು ತೆರೆದಿತ್ತು. ಅಲ್ಲಿ ಮತ್ತೆ ಹಾಸಿಗೆ ಬಟ್ಟೆ ಜೋಡಿಸಿಟ್ಟಿದ್ದರು.

ಅವಳಿಗೆ ಫೋನು ಮಾಡಿ ಹೇಳಿದೆ.

"ಡಾಕ್ಟರು ಯಾವತ್ತೋ ಮರ್ತಿದಾರೆ ಅಣ್ಣ. ಮರ್ತೋರಿಗೆ ಹೇಳಿದ್ರೆ ನಂಗೆಂತ ಸಿಕ್ತು? ಹೇಳೋದಿದ್ರೆ ನಮ್ಮತ್ತೆಗೆ ಹೇಳಿ."

"ಅತ್ತೆಗಾ?"

"ಮತ್ತೆ! ಮನೇಲಿ ಮಿಕ್ಸಿ ನಿಂತ್ರೆ ನಾನು, ಟೀವಿ ಹೋದ್ರೆ ನಾನು. ಪಂಪಿನ ಸ್ಟಾರ್ಟರ್ ಮುಟ್ಟಕ್ಕೆ ಬಿಡಲ್ಲ. ಸ್ಕೂಟಿ ಕಲೀತೀನಿ ಅಂದ್ರೆ 'ಆಸ್ಪತ್ರೆ ಮಿಷನ್ನೇ ನುಂಗ್ದೋಳು, ಸ್ಕೂಟಿ ಯಾವ ಲೆಕ್ಕ' ಅಂತಾರೆ. ಅವ್ರು ಒಬ್ರು ಅಂದ್ರೆ ಹೋಗ್ಲಿ, ಕೇರಿಗೆ ಕೇರಿನೇ ಕಲ್ತಿದೆ. ಭಾನುವಾರ ಬನ್ನಿ, ನಾನೂ ಇರ್ತೀನಿ."

ಭಾನುವಾರ ಹೊಸನಗರದ ಬಸ್ಸು ಹತ್ತಿದೆ. ಕ್ರಾಸಿನಲ್ಲಿ ಇಳಿದು ಬಿಸಿಲಿನಲ್ಲಿ ನಡೆದೆ. ಎರಡು ಕಡೆ ಕೂತು ಸುಧಾರಿಸಿಕೊಳ್ಳಬೇಕಾಯಿತು. ಅವರ ಅಂಗಳದಲ್ಲಿ ಚಾಪೆ ಹಾಸಿ ಹಲಸಿನ ಹಪ್ಪಳ ಒಣಗಿಸುತ್ತಿದ್ದರು. ಅತ್ತೆ ಗಟ್ಟಿ ಹೆಂಗಸು, ತಲೆಗೆ ಟವೆಲು ಸುತ್ತಿ ಹಪ್ಪಳ ಮಗುಚುತ್ತಿದ್ದರು. ನಾನು ಜೋಗದಲ್ಲಿ ಕೆಲಸ ಮಾಡುತ್ತಿದ್ದವನು ಎಂದು ಶುರುಮಾಡಿದ್ದೇ ತಡ, ಮುಖ ಅರಳಿತು.

"ಕರೆಂಟಿನೋರಾ? ದೇವ್ರೇ ಕಳ್ಸಿದಂಗೆ ಬಂದ್ರಿ ಮಾರಾಯ್ರೆ! ನಮ್ಮ ಮಿಕ್ಸಿ ಒಂಚೂರು ನೋಡಿ. ಸೊಸೆ ಮುಟ್ಟಿದ್ದೇ ಮುಟ್ಟಿದ್ದು, ನಿಂತ್ಹೋತು. ಅವ್ಳ ಕೈಯೇ ಹಂಗೆ, ಸಾಗರದ ಆಸ್ಪತ್ರೆಲಿ..."

"ಅದನ್ನೇ ಹೇಳೋಕೆ ಬಂದೆ ಅಮ್ಮ. ಸಾಗರದ ಆಸ್ಪತ್ರೇಲಿ ಯಂತ್ರ ಕೆಡಿಸಿದ್ದು ನಿಮ್ಮ ಸೊಸೆ ಅಲ್ಲ. ನಾನು."

ಅವರು ಕೈಯಲ್ಲಿದ್ದ ಹಪ್ಪಳವನ್ನು ಹಾಗೇ ಹಿಡಿದುಕೊಂಡು ಕೂತರು. ನಾನು ಚಾವಡಿಯ ಅಂಚಿನಲ್ಲಿ ಕೂತು, ಏದುಸಿರಿನಲ್ಲೇ ಎಲ್ಲ ಹೇಳಿದೆ. ಎರಡು ಯಂತ್ರ, ಒಂದು ಪೆಟ್ಟಿಗೆ ಎಂದರೆ ಅವರಿಗೆ ತಿಳಿಯಲಿಲ್ಲ. ಒಂದೇ ಸ್ಲೇಟಿನ ಮೇಲೆ ಇಬ್ಬರು ಒಟ್ಟಿಗೆ ಬರೆದರೆ ಏನಾಗುತ್ತದೋ ಅದು ಆಯಿತು, ಇಬ್ಬರ ಕೈಗೂ ಬಳಪ ಕೊಟ್ಟವನು ನಾನು ಎಂದೆ. ತಿಳಿಯಿತು.

"ಅವ್ಳಿಗೆ ಹೇಳಿದ್ರಾ?"

"ಹೇಳಿದೆ."

"ಎಂತ ಅಂದ್ಲು?"

"ನಿಮಗೆ ಹೇಳಿ ಅಂದ್ಲು."

ಅವರ ಮುಖ ಕಪ್ಪಿಟ್ಟಿತು. ಸೊಸೆ ಒಳಗಿನಿಂದ ಇನ್ನೊಂದು ತಟ್ಟೆ ಹಪ್ಪಳ ತಂದಿದ್ದಳು. ಬಾಗಿಲ ಹತ್ತಿರ ನಿಂತಿದ್ದಳು. ಅತ್ತೆ ಅವಳ ಕಡೆ ನೋಡಲಿಲ್ಲ. ನನ್ನ ಮೇಲೆ ಹರಿಹಾಯ್ದರು.

"ಇಷ್ಟು ವರ್ಷ ಎಲ್ಲಿ ಸತ್ತಿದ್ರಿ? ನೀವು ಸುಮ್ನೆ ಕೂತ್ರಿ, ನಾನು ಬಾಯಿಗೆ ಬಂದಂಗೆ ಆಡ್ದೆ. ಈಗ ಆಡಿದ್ದನ್ನ ನಾನು ಎಲ್ಲಿ ತಗಂಡ್ಹೋಗಿ ಹಾಕ್ಲಿ? ಹೇಳಿ ನೋಡನ!"

ನಾನು ಎದ್ದು ಹೊರಡಲು ನೋಡಿದೆ.

"ಎಲ್ಲಿಗ್ ಹೊರಟ್ರಿ? ಕೂತ್ಕಳಿ. ಮಗ ಗದ್ದೆಯಿಂದ ಬರ್ಲಿ. ಅವನಿಗೂ ನಿಮ್ಮ ಬಾಯಿಂದ್ಲೇ ಹೇಳಿ. ನಾನು ಹೇಳಿದ್ರೆ ನಂಬಲ್ಲ."

ಮಗ ಬಂದ. ಅವನಿಗೂ ಹೇಳಿದೆ. ಅವನು ಕೈಕಾಲು ತೊಳೆಯುತ್ತಾ ಕೇಳಿಸಿಕೊಂಡ. ತೊಳೆದು ಆದಮೇಲೂ ನೀರು ಹುಯ್ದುಕೊಳ್ಳುತ್ತಲೇ ಇದ್ದ. ಹೆಂಡತಿಯ ಕಡೆ ಒಂದು ಸಲ ನೋಡಿದ, ಅವಳು ಹಪ್ಪಳ ಹರಡುತ್ತಿದ್ದಳು. "ಊಟ ಮಾಡ್ಕಂಡು ಹೋಗಿ," ಎಂದಷ್ಟೇ ನನಗೆ ಹೇಳಿ ಒಳಗೆ ಹೋದ. ಅಷ್ಟರಲ್ಲಿ ಅತ್ತೆ ಬೇಲಿಯ ಹತ್ತಿರ ಹೋಗಿ ಪಕ್ಕದ ಮನೆಯವಳನ್ನು ಕೂಗಿ ಕರೆದರು. "ಬಾ ಇಲ್ಲಿ, ಇವ್ರು ಎಂತ ಹೇಳ್ತಾರೆ ಕೇಳು. ನೀನೂ ಆಡಿದೀಯ, ನೀನೂ ಕೇಳ್ಬೇಕು."

ನನಗೆ ಸಾಕಾಗಿತ್ತು. ಬೆನ್ನು ನೋಯುತ್ತಿತ್ತು, ಗಂಟಲು ಒಣಗಿತ್ತು. ಸಲ ಸಲಕ್ಕೂ ಹೇಳುವುದು ಸುಲಭವಾಗುತ್ತಾ ಬಂದಿತ್ತು. ಸುಲಭವಾದಂತೆ ನಯವೂ ಆಗುತ್ತಾ ಬಂದಿತ್ತು. ಅದು ನನ್ನ ಗಮನಕ್ಕೆ ಬಂದಿರಲಿಲ್ಲ. ಪಕ್ಕದ ಮನೆಯವಳಿಗೆ ಬೇಗ ಬೇಗ ಹೇಳಿ ಮುಗಿಸಿದೆ: "ಗುಂಡಿ ಒತ್ತಿದ್ದು ನಾನು. ಹೆದರಿಕೆಗೆ ಬಾಯಿ ಬಿಡದೆ ಸುಮ್ನಿದ್ದೆ. ಅಪವಾದ ಇವಳ ತಲೆ ಮೇಲೆ ಬಂತು."

"ಸುಮ್ನಿದ್ದಿದ್ದಲ್ಲ ಅಣ್ಣ," ಎಂದಳು ಸೊಸೆ.

ಹಪ್ಪಳದ ಚಾಪೆಯಿಂದ ತಲೆ ಎತ್ತಿರಲಿಲ್ಲ. ದನಿ ಏರಿರಲಿಲ್ಲ.

"ಎಲ್ಲಿದ್ರಿ ಅಂತ ಡಾಕ್ಟರು ಕೇಳಿದ್ರು. ನೀವು ಜನರೇಟರ್ ಹತ್ರ ಇದ್ದೆ ಅಂದ್ರಿ. ನಾನು ನಿಮ್ಮ ಪಕ್ಕದಲ್ಲೇ ನಿಂತಿದ್ದೆ. ಅದನ್ನೂ ಹೇಳಿ."

ಪಕ್ಕದ ಮನೆಯವಳು ಸೆರಗು ಬಾಯಿಗೆ ಹಿಡಿದು ನನ್ನನ್ನೇ ನೋಡುತ್ತಿದ್ದಳು. ಅತ್ತೆ ಒಂದು ಚೊಂಬು ನೀರು ತಂದು ನನ್ನ ಪಕ್ಕದಲ್ಲಿಟ್ಟರು. ಕುಡಿದೆ. ಆಮೇಲೆ ಮೊದಲಿನಿಂದ ಶುರುಮಾಡಿ, ಏನನ್ನೂ ಬಿಡದೆ, ಮತ್ತೊಮ್ಮೆ ಹೇಳಿದೆ.